ಇಳಿಬಿಟ್ಟ ತೋಳು

ಅಪ್ಪಾ,

ಹಾಲಿವುಡ್ಡಿನವರು ಜೂಜುಕಟ್ಟೆಯ ಮೂಕಿಚಿತ್ರ ತೆಗೆಯುತ್ತಿದ್ದಾರೆ. ಚೀನೀ ಒಡತಿಯ ಪಾತ್ರ ಬಿಳಿಯ ನಟಿಯದು. ಬಟ್ಟಲಡಿ ಮುಚ್ಚಿಟ್ಟ ಅಂಗಿಗುಂಡಿಗಳನ್ನು ಎಣಿಸಿ, ಕೊನೆಗೆ ಉಳಿದಷ್ಟರ ಮೇಲೆ ಪಣ ತೀರಿಸುವ ನಮ್ಮ ಜೂಜು ಅವಳಿಗೆ ಬಾರದು. ಹಾಗಾಗಿ ಮುಖ ಅವಳದು, ಕೈ ನನ್ನದು. ಅವಳ ಬಳಿದ ಮುಖಕ್ಕೆ ಹೊಂದಲೆಂದು ಇವತ್ತು ನನ್ನ ಕೈಗೂ ಮಣಿಕಟ್ಟಿನವರೆಗೆ ಹಳದಿ ಬಳಿದರು.

ಜೂಜುಕೋರನ ವೇಷದಲ್ಲಿ ಎದುರಿಗೆ ಕೂತಿದ್ದ ನಿನ್ನ ಗೆಳೆಯ ಗಿಮ್ ಚಿಕ್ಕಪ್ಪ ನಕ್ಕ. "ಚೀನಿಯಾಗಿ ಹುಟ್ಟಿದ್ದು ಸಾಲ್ದಂತೇನೇ ಇವ್ರಿಗೆ?"

ಕ್ಯಾಮೆರಾ ತಿರುಗಿತು. ಗುಂಡಿಗಳ ಮೇಲಿನ ಬಟ್ಟಲು ಎತ್ತುವ ಮುನ್ನ, ಇಪ್ಪತ್ತು ವರ್ಷ ನೀನು ಜೂಜುಕಟ್ಟೆಯ ಮೇಜಿನಲ್ಲಿ ಗುಂಡಿ ಎಣಿಸುವಾಗ ಮಾಡಿದ ಹಾಗೇ, ಒಳಗೇನೂ ಅಡಗಿಲ್ಲವೆಂದು ತೋರಿಸಲು ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿಬಿಟ್ಟೆ.

"ನಿಲ್ಸಿ." ನಿರ್ದೇಶಕ ಹಾಲ್ವರ್ಸನ್ ಎದ್ದು ಬಂದ. "ನಿನ್ನ ಸ್ವಂತ ಚರ್ಮ ಕಾಣ್ತಿದೆ. ತೋಳು ಇಳಿಸು."

ಇಳಿಸಿದೆ. ತೋಳು ಇಳಿಬಿಟ್ಟು ಎಣಿಸುವವರ ಮೇಜಿಗೆ ನಮ್ಮವರು ಯಾರೂ ಕೂರುವುದಿಲ್ಲ. ಚಿಕ್ಕಪ್ಪ ಈಗ ನಗುತ್ತಿರಲಿಲ್ಲ. ಬಿದಿರು ಕಡ್ಡಿಯಿಂದ ನಾಲ್ಕು ನಾಲ್ಕಾಗಿ ಗುಂಡಿ ಸರಿಸಿದೆ. ಕೊನೆಗೆ ಉಳಿದ ಮೂರನ್ನು ಮುಂದಕ್ಕೆ ತಳ್ಳಿದೆ.

"ಪರವಾಗಿಲ್ವೇ. ಯಾರು ಕಲಿಸಿದ್ದು?" ಎಂದ ಹಾಲ್ವರ್ಸನ್.

ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದ. ನೀನು ಜೂಜುಕಟ್ಟೆಯಿಂದ ತೋಳು ಮಡಿಸಿಕೊಂಡೇ ಶಾಲೆಯ ಬಾಗಿಲಿಗೆ ಬರುತ್ತಿದ್ದಾಗ ಗೆಳತಿಯರಿಗೆ ಏನು ಹೇಳುತ್ತಿದ್ದೆನೋ, ಅದನ್ನೇ ಇವತ್ತೂ ಹೇಳಿದೆ.

"ಯಾರೂ ಇಲ್ಲ. ನಮ್ಮಪ್ಪ ಬಟ್ಟೆ ಒಗೀತಿದ್ರು."