ಇಟ್ಟಿಗೆ ಗೋಡೆಯ ಹಿಂದೆ ಭಾವ

ಮಂಗಳವಾರ, ೧೪

ಭಾವ ಊಟ ಮಾಡದೆ ಎದ್ದು ಹೋದರು. ‘ನಮ್ಮಣ್ಣಂಗೆ ಏನಂದ್ರಿ?’ ಎಂದು ಇವಳು ಆಗಿನಿಂದ ಕೇಳುತ್ತಲೇ ಇದ್ದಳು. ಆಟದ ಜಗಳ ಎಂದು ಬಾಯಿ ಮುಚ್ಚಿಸಿದೆ.

ಶುರುವಾದದ್ದು ಇಟ್ಟಿಗೆ ಗೋಡೆಯಿಂದ. ಮೆಷಿನ್‌ಗನ್ ಗುಂಡು ಅದನ್ನು ತೂರುವುದಿಲ್ಲ ಎಂದು ಅವರ ವಾದ, ತೂರುತ್ತದೆ ಎಂದು ನನ್ನದು. ಆಡಿಯೇ ನೋಡೋಣ ಎಂದು ಕಂಪ್ಯೂಟರಿನಲ್ಲಿ ಯುದ್ಧದ ಆಟ ಹಚ್ಚಿದೆ. ಗೋಡೆಯ ಹಿಂದೆ ಕೂರಿಸಿದ ನನ್ನ ಸೈನಿಕನಿಗೆ ತಮಾಷೆಗೆ ‘ಭಾವ’ ಎಂದೇ ಹೆಸರಿಟ್ಟೆ. ಶತ್ರುವಿನ ಮೊದಲ ಸುತ್ತಿಗೇ ಇಟ್ಟಿಗೆ ಪುಡಿಯಾಯಿತು, ಅವನ ಹೊಟ್ಟೆ ಸೀಳಿಹೋಯಿತು. ಕರುಳು ಹಿಡಿದುಕೊಂಡು ತೆವಳಿದ, ಕಿರುಚಿದ, ರಸ್ತೆಗೆಲ್ಲ ರಕ್ತ ಬಳಿದ. ಭಾವ ಮೊದಲು ನಕ್ಕರು. ಆಮೇಲೆ ನಗಲಿಲ್ಲ.

‘ಬ್ಯಾಂಡೇಜ್ ಕಟ್ಟೋನು ಪಕ್ಕದಲ್ಲೇ ಕೂತಿದಾನಲ್ಲಯ್ಯ. ಅವನನ್ನ ಕಳಿಸು!’

‘ಹೋದ್ರೆ ಅವನೂ ಸಾಯ್ತಾನೆ ಭಾವ. ನಿಜವಾದ ಯುದ್ಧ ಅಂದ್ರೆ ಹೀಗೇ.’

ಆ ಸೈನಿಕ ಬೇಗ ಸಾಯಲಿಲ್ಲ. ಭಾವ ಪರದೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

ಗೋಡೆಯ ವಿಷಯದಲ್ಲಿ ಗೆದ್ದದ್ದು ನಾನೇ. ಆದರೆ ‘ಅವನನ್ನ ಕಳಿಸು’ ಎಂದು ಅವರು ಹೇಳುವಷ್ಟರಲ್ಲಿ ಗುಂಡು ಹಾರುವುದು ನಿಂತಿತ್ತು. ಅದು ಅವರಿಗೂ ಕಾಣುತ್ತಿತ್ತು. ನನ್ನ ಬೆರಳು ಮೌಸಿನ ಮೇಲೇ ಇತ್ತು. ಒತ್ತಿದ್ದರೆ ಬ್ಯಾಂಡೇಜ್ ಕಟ್ಟುವವನು ಹೋಗುತ್ತಿದ್ದ. ಒತ್ತಲಿಲ್ಲ. ಅವನು ಕಿರುಚುವುದನ್ನು ಕೇಳಲು ಹಿತವಾಗಿತ್ತು.