ಮಸಿಯ ಕೆಳಗೆ

ಶನಿವಾರ, ಮಧ್ಯಾಹ್ನ
ಶೆಡ್ಡಿನಿಂದ

ನನ್ನ ಪುಟ್ಟಿಗೆ,

ಕ್ಷೇಮಸಮಾಚಾರ ಆಮೇಲೆ. ಮೊದಲು ಎದ್ದು ಹೋಗಿ, ಗುರುವಾರ ನಾನು ಕಳಿಸಿದ ಸ್ಪಾರ್ಕ್ ಪ್ಲಗ್ಗನ್ನು ಬೈಕಿನಿಂದ ಬಿಚ್ಚು. ಬಿಚ್ಚಿದ ಮೇಲೆ ಮುಂದಕ್ಕೆ ಓದು.

ಬಿಚ್ಚಿದೆಯಾ? ರೇಸಿನ ವಾರ ಫೋನ್ ಆಫ್ ಮಾಡಿಡುವುದು ನಿನ್ನ ಹಾಳು ಅಭ್ಯಾಸ. ಅದಕ್ಕೇ ಈ ಕಾಗದವನ್ನು ನಿಮ್ಮ ಟ್ರ್ಯಾಕಿನ ಟೈರಿನವನ ಕೈಗೆ ಕೊಡುತ್ತಿದ್ದೇನೆ. ಎದುರಿಗೇ ನಿಂತು ಗಡಿಯಾರ ನೋಡುತ್ತಿದ್ದಾನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನೀನು ಕಳಿಸಿದ ಹಳೆಯ ಪ್ಲಗ್ ಕಪ್ಪಗಿತ್ತು. ಮಸಿ ಸುಟ್ಟುಹೋಗುವಷ್ಟು ಪ್ಲಗ್ ಬಿಸಿಯಾಗುತ್ತಿಲ್ಲ ಎಂದುಕೊಂಡು, ಬಿಸಿ ಹಿಡಿದಿಟ್ಟುಕೊಳ್ಳುವ ಹಾಟ್ ಪ್ಲಗ್ ಕಳಿಸಿದೆ. ಇವತ್ತು ಟೈರಿನವನು ಮಾತಿನ ನಡುವೆ ಹೇಳಿದ: ಆ ಪ್ಲಗ್ ಬಿಚ್ಚಿದ ದಿನ ನೀನು ಫುಲ್ ಸ್ಪೀಡಿನಲ್ಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಲಿಲ್ಲವಂತೆ. ಅರ್ಧ ಸುತ್ತು ನಿಧಾನಕ್ಕೆ ಓಡಿಸಿಕೊಂಡು ಬಂದೆಯಂತೆ. ಹಾಗೆ ಗಕ್ಕನೆ ಆಫ್ ಮಾಡಿದರೇ ಓಟದ ಬಿಸಿಯ ಬಣ್ಣ ಪ್ಲಗ್ಗಿನ ಮೇಲೆ ಉಳಿಯುವುದು ಎಂದು ಎಷ್ಟು ಸಲ ಬಡಿದುಕೊಂಡಿದ್ದೇನೆ ನಿನಗೆ! ಆ ಮಸಿ ಆ ಅರ್ಧ ಸುತ್ತಿನದು. ನಿಜವಾದ ಬಣ್ಣ ಅದರಡಿ ಮುಚ್ಚಿಹೋಗಿತ್ತು.

ನಿನ್ನನ್ನು ಬೈದು ಏನು ಬಂತು, ಕೇಳದೆ ಬಣ್ಣ ಓದಿದವಳು ನಾನು. ಈಗ ಮಸಿಯನ್ನು ಮೆಲ್ಲಗೆ ಒರೆಸಿ ಭೂತಗನ್ನಡಿ ಹಿಡಿದೆ. ಪ್ಲಗ್ಗಿನ ತುದಿಯ ಪಿಂಗಾಣಿ ಸುಣ್ಣದ ಹಾಗೆ ಬಿಳುಚಿಕೊಂಡಿದೆ. ಮೇಲೆ ಸೂಜಿಮೊನೆಯಷ್ಟು ಹೊಳೆಯುವ ಚುಕ್ಕೆಗಳು. ಅವು ನಿನ್ನ ಪಿಸ್ಟನ್ನಿನಿಂದ ಕರಗಿ ಸಿಡಿದ ಲೋಹ. ಮೊದಲೇ ಕಾದು ಸಾಯುತ್ತಿದ್ದ ಇಂಜಿನ್ನಿಗೆ ನಾನು ಇನ್ನೂ ಬಿಸಿ ಪ್ಲಗ್ ಕೊಟ್ಟೆ. ಓಟದ ನಡುವೆ ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಆಮೇಲಿನದನ್ನು ಬರೆಯಲಾರೆ. ಭಯವಾಗುತ್ತಿದೆ ಮಗಳೇ.

ಇದರ ಜೊತೆ ಬಿಸಿಯನ್ನು ಬೇಗ ಬಿಟ್ಟುಕೊಡುವ ಕೋಲ್ಡ್ ಪ್ಲಗ್ ಇಟ್ಟಿದ್ದೇನೆ. ಆದರೆ ಸಿಲಿಂಡರ್ ಬಿಚ್ಚಿ ಪಿಸ್ಟನ್ ನೋಡದೆ ಅದನ್ನೂ ಹಾಕಬೇಡ. ನಾಳೆಯ ಓಟ ತಪ್ಪಿದರೆ ತಪ್ಪಲಿ. ಮೂರು ವರ್ಷ ಕಾದಿದ್ದೀಯ, ಗೊತ್ತು. ನೀನು ಹಟಮಾರಿ ಎನ್ನುವುದೂ ಗೊತ್ತು. ನಿನ್ನಪ್ಪನಿಗೆ ಏನೂ ಹೇಳಿಲ್ಲ. ಯಾಕೆ ಬೆವರುತ್ತಿದ್ದೀಯ ಅಂದರು, ಸೆಕೆ ಅಂದೆ.

ಜೀವ ಕೈಯಲ್ಲಿ ಹಿಡಿದು ಕೂತಿರುವ
ನಿನ್ನ ಅಮ್ಮ

ತಾ.ಕ.: ನಿನ್ನಪ್ಪನ ಕಾಲು ಹೋದದ್ದು ಟ್ರ್ಯಾಕಿನ ಮೇಲೆ ಚೆಲ್ಲಿದ್ದ ಆಯಿಲ್‌ನಿಂದ ಎಂದು ಹೇಳುತ್ತ ಬಂದೆನಲ್ಲ, ಅದು ಸುಳ್ಳು. ಅವತ್ತೂ ತಪ್ಪು ಪ್ಲಗ್ ಆರಿಸಿದವಳು ನಾನೇ. ಇಪ್ಪತ್ತಾರು ವರ್ಷ ಅವರಿಗೆ ಗೊತ್ತಿಲ್ಲವೆಂದೇ ನಂಬಿದ್ದೆ. ಲಕೋಟೆ ಅಂಟಿಸುವಾಗ ಕೋಲೂರಿಕೊಂಡು ಬಂದು, ಈ ಕಾಗದವನ್ನು ಕಿತ್ತುಕೊಂಡು ಓದಿದರು. ಆಮೇಲೆ ತಮ್ಮ ಟೂಲ್ ಡಬ್ಬಿಯ ತಳದಿಂದ ಒಂದು ಬಟ್ಟೆಗಂಟು ತೆಗೆದು ಬಿಚ್ಚಿದರು. ತುದಿ ಕರಗಿದ, ಅವತ್ತಿನ ಅದೇ ಪ್ಲಗ್. "ಇದನ್ನೂ ಕಳ್ಸು," ಅಂದರು. "ನಿನ್ನ ಮಾತಿಗೆ ನಿಲ್ಲದಿದ್ರೂ ಇದನ್ನ ನೋಡಿ ನಿಲ್ತಾಳೆ."