ಖಾಲಿ ಬಿಡಬೇಕಿದ್ದ ಸಾಲುಗಳು

ಬೈರಕೂರು
14 ಮಾರ್ಚ್ 2025

ಮಗಳ ಸಮಾನಳಾದ ಸೌಪರ್ಣಿಕಾಗೆ, ಸೊಣ್ಣಪ್ಪನ ಆಶೀರ್ವಾದ.

ನಿನ್ನ ಪ್ರಬಂಧದಲ್ಲಿ ನನ್ನ ಹೆಸರು ಬೇಡ ಅಂದೆ, ತಾಯಿ. ನಿನ್ನೆ ಫೋನಿನಲ್ಲಿ ಯಾಕೆ ಅಂತ ನೀನು ಕೇಳಿದಾಗ ಸಿಗ್ನಲ್ ಇಲ್ಲ ಅಂದೆನಲ್ಲ, ಸಿಗ್ನಲ್ ಇತ್ತು. ನಾನೇ ಫೋನ್ ಇಟ್ಟೆ.

ಪ್ರಬಂಧದ ಮೇಲೆ ನಿನ್ನ ಹೆಸರಿನ ಜೊತೆ, ಬಾವಿಯ ನೀರಿನ ಮಟ್ಟ ಅಳೆದ ನಮ್ಮಿಬ್ಬರ ಹೆಸರೂ ಇರಬೇಕು ಅಂತ ನೀನು ಅಂದೆ. ಹಿಂದೆ ಜೀಪಿನಲ್ಲಿ ಬರುತ್ತಿದ್ದ ವಿಜ್ಞಾನಿಗಳು ಬಾಟಲಿಗೆ ನೀರು ತುಂಬಿಕೊಂಡು, ಫ್ಲೋರೈಡ್ ನೀರಿಗೆ ಕಲೆಯಾದ ನಮ್ಮ ಮಕ್ಕಳ ಹಲ್ಲು ನೋಡಿಕೊಂಡು ಹೋಗಿಬಿಡುತ್ತಿದ್ದರು. ಏನು ಗೊತ್ತಾಯಿತು ಅಂತ ಒಬ್ಬರೂ ತಿರುಗಿ ಬಂದು ಹೇಳಲಿಲ್ಲ. ನೀನು ಜಗಲಿಯ ಮೇಲೆ ಗ್ರಾಫ್ ಹರಡಿ ನನ್ನ ಹೆಂಡತಿಗೆ ವಿವರಿಸಿದೆ. ಭಾರತಮ್ಮ ಒಂದು ಏರಿನ ಮೇಲೆ ಬೆರಳಿಟ್ಟು, ಇದು ಗೌರಿ ಹಬ್ಬದ ಹಿಂದಿನ ಮಳೆ ಅಂದಳು. ನೀನು ಅದನ್ನು ಬರೆದುಕೊಂಡೆ. ಆಮೇಲೆ ಎಷ್ಟು ದಿನ ಆ ಮಾತು ಹೇಳಿಕೊಂಡು ಓಡಾಡಿದಳೋ.

ನನ್ನ ಸೈನ್ಸ್ ಬೇರೆ. ಕೋಲಾರದಲ್ಲಿ ಬಿಎಸ್ಸಿ ಎರಡನೇ ವರ್ಷ, ಸಿಂಪಲ್ ಪೆಂಡುಲಂ. ಉತ್ತರ ಮೊದಲೇ ಗೊತ್ತು, ನೈನ್ ಪಾಯಿಂಟ್ ಎಯ್ಟ್ ಅಂತೇನೋ. ರೀಡಿಂಗುಗಳನ್ನು ಅದಕ್ಕೆ ಹೊಂದಿಸಿ ಹಿಂದಿನಿಂದ ಬರೆಯುತ್ತಿದ್ದೆವು. ನೀಟಾಗಿದ್ದರೆ ವೆರಿ ಗುಡ್, ಖಾಲಿ ಬಿಟ್ಟರೆ ಸೊನ್ನೆ. ನೀನು ಮೊದಲ ದಿನವೇ ಹೇಳಿದ್ದೆ, "ಅಳೀಲಿಲ್ಲಾಂದ್ರೆ ಖಾಲಿ ಬಿಡಿ ತಾತ. ಖಾಲೀನೂ ನಂಗೆ ಬೇಕು." ಖಾಲಿಯನ್ನು ಇಟ್ಟುಕೊಂಡು ಈ ಹುಡುಗಿ ಏನು ಮಾಡುತ್ತಾಳೆ ಅಂದುಕೊಂಡಿದ್ದೆ.

ನವೆಂಬರ್ ಒಂಬತ್ತಕ್ಕೆ ಭಾರತಮ್ಮ ಹೋದಳು. ಬಾವಿ ಪಕ್ಕದ ಮನೆ ದೊಡ್ಡಗಂಗಮ್ಮನದು, ಅವರ ದೇವರ ಮನೆಗೂ ಅದೇ ನೀರು. ಆಕೆ ಬಾಗಿಲಾಚೆ ನಿಂತು, "ಸೂತಕ ಕಳಿಯೋಗಂಟ ಹಗ್ಗ ಇಳಿಸ್ಬೇಡಣ್ಣ, ತಪ್ಪು ತಿಳ್ಕೋಬೇಡ" ಅಂದಳು. ತಪ್ಪು ತಿಳಿಯಲಿಲ್ಲ. ಆದರೆ ಅಳತೆ ಬರೆಯುವ ಪುಸ್ತಕ ಖಾಲಿ ಬಿಡಲು ಕೈ ಒಪ್ಪಲಿಲ್ಲ. ಅಳೆಯದೆಯೇ, ನೀರಿನ ಮಟ್ಟವನ್ನು ಎರಡು ದಿನಕ್ಕೊಮ್ಮೆ ಕಾಲು ಅಡಿ ಇಳಿಸಿ ಇಳಿಸಿ ಬರೆದೆ. ಹನ್ನೊಂದು ದಿನ.

ಆ ವಾರವೇ ಕೆರೆ ಕೋಡಿ ಬಿತ್ತಂತೆ. ನಾನು ಮನೆಯಿಂದ ಹೊರಗೆ ಬಂದಿರಲಿಲ್ಲ.

ನಿನ್ನೆ ನೀನು ಸಂತೋಷದಿಂದ ಹೇಳಿದೆ: ಕೆರೆ ತುಂಬಿದರೂ ಈ ಬಾವಿಗೆ ನೀರು ಬರಲು ಸುಮಾರು ಎರಡು ತಿಂಗಳು ಬೇಕಾಯಿತು, ಕೆಳಗಿನ ಬಂಡೆ ತಡೆಯುತ್ತಿದೆ, ಇದು ಯಾರಿಗೂ ತಿಳಿಯದ ವಿಷಯ, ನಮ್ಮ ಪುಸ್ತಕದಿಂದಲೇ ಸಿಕ್ಕಿದ್ದು ಅಂತ. ಬಂಡೆಯೂ ಇಲ್ಲ, ಏನೂ ಇಲ್ಲ ತಾಯಿ, ನಾನು ಅಳೆಯದೆ ಬರೆದ ಅಂಕಿ ಅದು. ನಿನ್ನ ಪ್ರಬಂಧ ಈ ತಿಂಗಳ ಕೊನೆಗೆ ಹೋಗುತ್ತದೆ ಅಂತ ನೀನು ಅಂದೆ. ಅದನ್ನು ನಂಬಿ ನಾಳೆ ಯಾರಾದರೂ ಈ ಕಡೆಗೆ ಕೆರೆ ನೀರು ಬಿಟ್ಟು ಪ್ರಯೋಜನವಿಲ್ಲ ಎಂದರೆ, ಅದು ನನ್ನ ಕೈಬರಹ.

ನನ್ನ ಹೆಸರು ತೆಗೆದುಹಾಕು. ಭಾರತಮ್ಮನದು ಇರಲಿ. ಎರಡು ವರ್ಷ ಆಕೆ ಒಂದು ದಿನವೂ ತಪ್ಪಿಸಲಿಲ್ಲ. ಅಡಿಗೊಂದು ಗಂಟು ಹಾಕಿದ ಹಗ್ಗ ಇಳಿಸಿ, ಬೆರಳಿನಲ್ಲಿ ಗಂಟು ಎಣಿಸಿ, ತೆಲುಗಿನಲ್ಲಿ "ಇರವೈ ರೆಂಡು, ರಾಸ್ಕೋ", ಇಪ್ಪತ್ತೆರಡು, ಬರ್ಕೋ, ಅನ್ನುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದವನು, ಅಷ್ಟೇ. ಆಕೆಯ ಒಂದು ಅಂಕಿಯೂ ಸುಳ್ಳಲ್ಲ.

ಇನ್ನೂ ಬರೆಯುವುದಿತ್ತು. ಬೆಳಕು ಹೋಗುತ್ತಿದೆ, ಸಾಲು ಕಾಣುತ್ತಿಲ್ಲ.

ಇಂತಿ,
ಸೊಣ್ಣಪ್ಪ

ಮರೆತ ಮಾತು: ಬೆಳಗ್ಗೆ ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ಮರೆತಿದ್ದಲ್ಲ. ಹನ್ನೊಂದೇ ದಿನ ಅಂದರೆ ನಿನ್ನ ಎರಡು ತಿಂಗಳಿಗೆ ಉತ್ತರ ಸಿಗುವುದಿಲ್ಲ, ನೀನು ಕಂಡುಹಿಡಿದೇ ಹಿಡಿಯುತ್ತೀಯ. ಸೂತಕ ಕಳೆದ ಮೇಲೆ ದೊಡ್ಡಗಂಗಮ್ಮನೇ ಬಂದು ಇನ್ನು ಅಳೆಯಣ್ಣ ಅಂದಳು. ಬಾವಿಯವರೆಗೆ ಹೋದೆ. ಭಾರತಮ್ಮ ಹಿಡಿದು ಹಿಡಿದು ಹಗ್ಗದ ಗಂಟುಗಳು ನುಣುಪಾಗಿದ್ದವು. ಇಳಿಸಲಾಗದೆ ವಾಪಸು ಬಂದೆ. ದಿನಾ ಹೋಗುವುದು, ದಿನಾ ಬರುವುದು, ಮನೆಯಲ್ಲಿ ಕೂತು ಬರೆಯುವುದು. ನವೆಂಬರ್ ಒಂಬತ್ತರಿಂದ ಡಿಸೆಂಬರ್ ಮೂವತ್ತೊಂದರವರೆಗೆ ಐವತ್ತಮೂರು ಸಾಲು; ಜನವರಿಯಿಂದ ಬರೆದದ್ದು ಹಗ್ಗ ಇಳಿಸಿ ಅಳೆದದ್ದೇ. ಎಲ್ಲವನ್ನೂ ಖಾಲಿ ಮಾಡು.